ಫ್ರೀ ಬೇರೆ, ಓಪನ್ ಬೇರೆ

ಎರಡನೇ ಇಂಟರ್ನಲ್ಸ್‌ಗೆ ಇನ್ನು ಮೂರೇ ದಿನ. ಕ್ಲಾಸ್ ಗ್ರೂಪಿನಲ್ಲಿ ಒಂದೇ ಗಲಾಟೆ. "ಲಿಂಕ್ ಓಪನ್ ಆಗ್ತಿಲ್ಲ ಕಣೋ", "ನಂಗೂ ಆಗ್ತಿಲ್ಲ", "ಆಕ್ಸೆಸ್ ಕೇಳಿದೀನಿ, ಯಾರೂ ನೋಡ್ತಿಲ್ಲ".

ಸೀನಿಯರ್ ಒಬ್ಬರು ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್ ವಿಷಯಕ್ಕೆ ಬರೆದಿಟ್ಟಿದ್ದ ನೋಟ್ಸ್ ಅದು. ಪ್ರತಿ ಸೂತ್ರದ ಪಕ್ಕದಲ್ಲೂ "ಇದರರ್ಥ ಏನಪ್ಪಾ ಅಂದ್ರೆ" ಅಂತ ಶುರುವಾಗುವ ಎರಡು ಸಾಲು ಕನ್ನಡ. ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನಮ್ಮಲ್ಲಿ ಅನೇಕರಿಗೆ ಕನ್ವಲ್ಯೂಷನ್ ಅರ್ಥವಾದದ್ದೇ ಆ ಎರಡು ಸಾಲುಗಳಿಂದ. ಅವರು ಪಾಸಾಗಿ ಹೋದರು, ಅವರ ಕಾಲೇಜ್ ಮೇಲ್ ಐಡಿ ಮುಚ್ಚಿತು, ಅದರ ಜೊತೆಗೇ ಡ್ರೈವ್ ಫೋಲ್ಡರೂ ಹೋಯಿತು. ಫೋನ್ ಮಾಡಿ ಕೇಳಿದರೆ, "ನನ್ನ ಹತ್ರಾನೂ ಇಲ್ಲ ಕಣ್ರೋ, ಲ್ಯಾಪ್‌ಟಾಪ್ ಬದಲಾಯಿಸ್ದೆ" ಅಂದರು. ಕೊನೆಗೆ ಸಿಕ್ಕಿದ್ದು ಜೆರಾಕ್ಸ್‌ನ ಜೆರಾಕ್ಸ್. ನಡುವೆ ಆರು ಪುಟ ಇಲ್ಲ.

ಆ ನೋಟ್ಸ್ ಎಲ್ಲರಿಗೂ ಫ್ರೀಯಾಗಿಯೇ ಸಿಗುತ್ತಿತ್ತು. ಆದರೂ ಕಳೆದುಹೋಯಿತು. ಯಾಕೆ ಅಂತ ಯೋಚಿಸುತ್ತಾ ಹೋದಾಗ ನಮಗೆ ಎದುರಾದ ವಿಷಯವೇ ಮುಕ್ತ ಶೈಕ್ಷಣಿಕ ಸಂಪನ್ಮೂಲ, ಅಂದರೆ ಓಪನ್ ಎಜುಕೇಷನಲ್ ರಿಸೋರ್ಸಸ್. ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳು ಇಪ್ಪತ್ತು ವರ್ಷಗಳಿಂದ ಮಾಡುತ್ತಿರುವ ಈ ಕೆಲಸದಲ್ಲಿ, ನಮ್ಮ ಆ ಆರು ಪುಟಗಳಿಗೂ ಒಂದು ಉತ್ತರ ಇದೆ. ಅದನ್ನು ಇಲ್ಲಿ ಹೇಳಲು ಪ್ರಯತ್ನಿಸಿದ್ದೇವೆ.

ಮಾರಲು ಹೊರಟವರು ಕೊಟ್ಟುಬಿಟ್ಟರು

1999-2000ರ ಸಮಯ. ಇಂಟರ್ನೆಟ್‌ನಲ್ಲಿ ಪಾಠ ಮಾರಿ ದುಡ್ಡು ಮಾಡಬಹುದು ಅಂತ ಅಮೆರಿಕದ ವಿಶ್ವವಿದ್ಯಾಲಯಗಳು ಲೆಕ್ಕ ಹಾಕುತ್ತಿದ್ದ ಕಾಲ. ಎಂಐಟಿ ಕೂಡ ಇದನ್ನು ಯೋಚಿಸಲು ಅಧ್ಯಾಪಕರ ಒಂದು ತಂಡ ಮಾಡಿತು. ಆ ತಂಡ ಲಾಭದ ದಾರಿಗಳನ್ನೂ ನೋಡಿತು. ಆದರೆ ಕೊನೆಗೆ ಅವರು ಕೊಟ್ಟ ಸಲಹೆ ತಿರುಗುಮುರುಗು: ಮಾರುವುದು ಬೇಡ, ನಮ್ಮ ಕೋರ್ಸ್‌ಗಳ ಸಾಮಗ್ರಿಯನ್ನೆಲ್ಲ ಜಗತ್ತಿಗೆ ಹಾಗೇ ಕೊಟ್ಟುಬಿಡೋಣ.

2001ರ ಏಪ್ರಿಲ್‌ನಲ್ಲಿ ಆಗಿನ ಅಧ್ಯಕ್ಷ ಚಾರ್ಲ್ಸ್ ವೆಸ್ಟ್ ಇದನ್ನು ಘೋಷಿಸಿದರು. ಹೆಸರು ಓಪನ್‌ಕೋರ್ಸ್‌ವೇರ್. 2002ರಲ್ಲಿ ಪ್ರಾಯೋಗಿಕವಾಗಿ ಕೆಲವೇ ಕೋರ್ಸ್‌ಗಳು ಬಂದವು, 2003ರಲ್ಲಿ 500 ಆದವು, 2007ರ ಹೊತ್ತಿಗೆ 1800. ಅಂದರೆ ಹೆಚ್ಚುಕಡಿಮೆ ಎಂಐಟಿಯ ಇಡೀ ಪಠ್ಯಕ್ರಮ. ಅಧ್ಯಾಪಕರು ಸೇರಲೇಬೇಕು ಅಂತ ಒತ್ತಾಯ ಇರಲಿಲ್ಲ. ಇಷ್ಟಪಟ್ಟವರು ಕೊಟ್ಟರು, ಬಹುತೇಕರು ಇಷ್ಟಪಟ್ಟರು.

ನಮ್ಮಲ್ಲಿ ಯಾರಾದರೂ ಲೀನಿಯರ್ ಆಲ್ಜೀಬ್ರಾ ಕಲಿಯಲು ಗಿಲ್ಬರ್ಟ್ ಸ್ಟ್ರಾಂಗ್ ಅವರ ವಿಡಿಯೋ ನೋಡಿದ್ದರೆ, ಅದು ಈ ಯೋಜನೆಯ ಕೊಡುಗೆಯೇ. ಕಪ್ಪು ಹಲಗೆ, ಸೀಮೆಸುಣ್ಣ, ನಿಧಾನ ಮಾತು. ಎಲ್ಲರೂ ನೋಡುವ ಆ ಪಾಠಗಳನ್ನು 1999ರಲ್ಲಿ ರೆಕಾರ್ಡ್ ಮಾಡಿದ್ದು. ಸ್ಟ್ರಾಂಗ್ ತಮ್ಮ ಕೊನೆಯ ತರಗತಿ ತೆಗೆದುಕೊಂಡದ್ದು 2023ರ ಮೇ ತಿಂಗಳಲ್ಲಿ, 88ನೇ ವಯಸ್ಸಿನಲ್ಲಿ. ಅವರು ನಿವೃತ್ತರಾದರೂ ಪಾಠ ನಿಂತಿಲ್ಲ. ನಮ್ಮ ಸೀನಿಯರ್ ಪಾಸಾದ ಕೂಡಲೇ ಅವರ ನೋಟ್ಸ್ ನಿಂತುಹೋಯಿತು. ವ್ಯತ್ಯಾಸ ಇರುವುದು ಪ್ರತಿಭೆಯಲ್ಲಿ ಮಾತ್ರ ಅಲ್ಲ. ಒಂದನ್ನು ಉಳಿಯುವ ಹಾಗೆ ಕೊಟ್ಟಿದ್ದರು, ಇನ್ನೊಂದನ್ನು ಹಾಗೆ ಕೊಟ್ಟಿರಲಿಲ್ಲ.

ಎಂಐಟಿ ಏನನ್ನು ಕೊಡಲಿಲ್ಲ ಅನ್ನುವುದೂ ಮುಖ್ಯ. ಡಿಗ್ರಿ ಕೊಡಲಿಲ್ಲ, ಕ್ರೆಡಿಟ್ ಕೊಡಲಿಲ್ಲ, ಡೌಟ್ ಕೇಳಲು ಪ್ರೊಫೆಸರ್ ಸಿಗುವುದಿಲ್ಲ. ಕೊಟ್ಟದ್ದು ಸಿಲಬಸ್, ಲೆಕ್ಚರ್ ನೋಟ್ಸ್, ಅಸೈನ್‌ಮೆಂಟ್, ಪ್ರಶ್ನೆಪತ್ರಿಕೆ, ಕೆಲವಕ್ಕೆ ವಿಡಿಯೋ. ಕಾಲೇಜಿನ ಬೆಲೆ ನೋಟ್ಸ್‌ನಲ್ಲಿ ಇಲ್ಲ, ಕ್ಲಾಸ್‌ರೂಮು, ಲ್ಯಾಬು, ಸಹಪಾಠಿಗಳು, ಮೇಷ್ಟ್ರು ಇವರಲ್ಲಿದೆ ಅಂತ ಅವರಿಗೆ ಧೈರ್ಯ ಇತ್ತು. ನೋಟ್ಸ್ ಹೊರಗೆ ಹೋದರೆ ಕಾಲೇಜಿಗೆ ಯಾರು ಬರ್ತಾರೆ ಅನ್ನುವ ಭಯ ಇದ್ದವರು ಇದನ್ನು ಮಾಡುತ್ತಿರಲಿಲ್ಲ.

ಐದು ಅನುಮತಿಗಳು

2002ರ ಜುಲೈನಲ್ಲಿ ಪ್ಯಾರಿಸ್‌ನಲ್ಲಿ ಯುನೆಸ್ಕೋ ಒಂದು ಸಭೆ ಕರೆಯಿತು. ಎಂಐಟಿಯ ಈ ಕೆಲಸದಿಂದ ಅಭಿವೃದ್ಧಿಶೀಲ ದೇಶಗಳ ಉನ್ನತ ಶಿಕ್ಷಣಕ್ಕೆ ಏನು ಉಪಯೋಗ ಅನ್ನುವುದು ಚರ್ಚೆ. ಓಪನ್ ಎಜುಕೇಷನಲ್ ರಿಸೋರ್ಸಸ್ ಅನ್ನುವ ಹೆಸರು ಹುಟ್ಟಿದ್ದು ಅಲ್ಲೇ. 2019ರಲ್ಲಿ ಯುನೆಸ್ಕೋ ಸದಸ್ಯ ದೇಶಗಳಿಗೆ ಇದರ ಬಗ್ಗೆ ಅಧಿಕೃತ ಶಿಫಾರಸನ್ನೇ ಅಂಗೀಕರಿಸಿತು.

ಓಪನ್ ಅಂದರೆ ಏನು ಅಂತ ಸುಲಭವಾಗಿ ಹೇಳಿದವರು ಡೇವಿಡ್ ವೈಲಿ. ಅವರ ಪ್ರಕಾರ ಐದು ಅನುಮತಿ ಇದ್ದರೆ ಅದು ಓಪನ್. ನಮ್ಮ ಕಳೆದುಹೋದ ನೋಟ್ಸ್‌ನ್ನೇ ಇಟ್ಟುಕೊಂಡು ನೋಡೋಣ.

ಒಂದು, ಇಟ್ಟುಕೊಳ್ಳುವುದು. ನಮ್ಮದೇ ಒಂದು ಪ್ರತಿಯನ್ನು ಇಳಿಸಿಕೊಂಡು ಶಾಶ್ವತವಾಗಿ ಇಟ್ಟುಕೊಳ್ಳಬಹುದು. ಎರಡು, ಬಳಸುವುದು. ಕ್ಲಾಸಿನಲ್ಲಿ, ಸ್ಟಡಿ ಗ್ರೂಪಿನಲ್ಲಿ, ವಿಡಿಯೋದಲ್ಲಿ, ಎಲ್ಲಿ ಬೇಕಾದರೂ. ಮೂರು, ತಿದ್ದುವುದು. ತಪ್ಪಿದ್ದರೆ ಸರಿ ಮಾಡಬಹುದು, ಸ್ಕೀಮ್ ಬದಲಾದರೆ ಹೊಸ ಮಾಡ್ಯೂಲ್ ಸೇರಿಸಬಹುದು, ಕನ್ನಡಕ್ಕೆ ಅನುವಾದಿಸಬಹುದು. ನಾಲ್ಕು, ಬೆರೆಸುವುದು. ಇದರ ಎರಡನೇ ಅಧ್ಯಾಯ, ಮತ್ತೊಂದರ ಲೆಕ್ಕಗಳು, ಎರಡನ್ನೂ ಸೇರಿಸಿ ಹೊಸದು ಮಾಡಬಹುದು. ಐದು, ಹಂಚುವುದು. ಮೂಲವನ್ನೂ, ತಿದ್ದಿದ ಪ್ರತಿಯನ್ನೂ ಬೇರೆಯವರಿಗೆ ಕೊಡಬಹುದು.

ಈಗ ನೋಡಿ. ಸೀನಿಯರ್ ಕೊಟ್ಟ ಡ್ರೈವ್ ಲಿಂಕಿನಲ್ಲಿ ಡೌನ್‌ಲೋಡ್ ಆಫ್ ಆಗಿತ್ತು, ಕಳ್ಳತನ ಆಗಬಾರದು ಅಂತ ಅಲ್ಲ, ಸೆಟ್ಟಿಂಗ್ ಹಾಗಿತ್ತು ಅಷ್ಟೇ. ಹಾಗಾಗಿ ಒಂದನೇ ಅನುಮತಿಯೇ ಇರಲಿಲ್ಲ. ನೋಟ್ಸ್‌ನ ಒಂದು ಗ್ರಾಫ್ ತಪ್ಪಿದೆ ಅಂತ ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿತ್ತು, ಆದರೆ "ಅವರದ್ದನ್ನ ನಾವ್ಯಾಕೆ ಮುಟ್ಟೋಣ" ಅಂತ ಸುಮ್ಮನಿದ್ದೆವು. ಮೂರನೆಯದೂ ಇಲ್ಲ. ಫ್ರೀ ಆಗಿತ್ತು, ಓಪನ್ ಆಗಿರಲಿಲ್ಲ.

ಸುಮ್ಮನಿದ್ದರೆ ಬೀಗ ಬಿದ್ದಂತೆ

ಇಲ್ಲಿ ಕಾನೂನಿನ ಒಂದು ಮಾತು ಬರುತ್ತದೆ. ನೋಟ್ಸ್ ಬರೆದ ಕ್ಷಣದಿಂದಲೇ ಅದಕ್ಕೆ ಹಕ್ಕುಸ್ವಾಮ್ಯ, ಅಂದರೆ ಕಾಪಿರೈಟ್, ತಾನಾಗಿಯೇ ಬರುತ್ತದೆ. ಎಲ್ಲೂ ರಿಜಿಸ್ಟರ್ ಮಾಡಿಸಬೇಕಿಲ್ಲ, ವೃತ್ತದೊಳಗೆ ಸಿ ಅಕ್ಷರ ಹಾಕಬೇಕಿಲ್ಲ. ನಮ್ಮ 1957ರ ಕಾಯ್ದೆಯ ಪ್ರಕಾರ ಬರೆದವರು ಬದುಕಿರುವವರೆಗೆ ಮತ್ತು ಆಮೇಲೆ 60 ವರ್ಷ ಅದು ಇರುತ್ತದೆ. ಅಂದರೆ ಇಪ್ಪತ್ತರ ಹುಡುಗಿ ಇವತ್ತು ಬರೆದ ಲ್ಯಾಬ್ ಮ್ಯಾನ್ಯುಯಲ್ಲಿಗೆ ನೂರು ವರ್ಷ ದಾಟಿಯೂ ಬೀಗ ಇರಬಹುದು. ಹಾಕಬೇಕು ಅಂತ ಯಾರೂ ಹಾಕಿದ್ದಲ್ಲ. ಏನೂ ಹೇಳದೆ ಬಿಟ್ಟರೆ ಕಾನೂನೇ ಬೀಗ ಹಾಕಿಬಿಡುತ್ತದೆ.

"ಹಾಗಾದ್ರೆ ಜೆರಾಕ್ಸ್ ಅಂಗಡಿ ಅಣ್ಣಂದು ಏನು ಕಥೆ?" ಅಂತ ಕೇಳಬಹುದು. ಈ ಪ್ರಶ್ನೆ ನಿಜಕ್ಕೂ ಕೋರ್ಟಿಗೆ ಹೋಗಿತ್ತು. 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಟೇಲರ್ ಅಂಡ್ ಫ್ರಾನ್ಸಿಸ್ ಪ್ರಕಾಶನಗಳು ದೆಹಲಿ ವಿಶ್ವವಿದ್ಯಾಲಯದ ಆವರಣದ ರಾಮೇಶ್ವರಿ ಫೋಟೊಕಾಪಿ ಅಂಗಡಿ ಮತ್ತು ವಿಶ್ವವಿದ್ಯಾಲಯದ ಮೇಲೆ ಕೇಸು ಹಾಕಿದವು. ಬೇರೆ ಬೇರೆ ಪುಸ್ತಕಗಳ ಅಧ್ಯಾಯಗಳನ್ನು ಜೆರಾಕ್ಸ್ ಮಾಡಿ ಕಟ್ಟಿ ಮಾರುತ್ತಾರೆ ಅನ್ನುವುದು ದೂರು. 2016ರಲ್ಲಿ ದೆಹಲಿ ಹೈಕೋರ್ಟ್, ಕಾಯ್ದೆಯ 52ನೇ ಸೆಕ್ಷನ್ನಿನಲ್ಲಿ ಬೋಧನೆಗಾಗಿ ಇರುವ ವಿನಾಯಿತಿಯನ್ನು ಎತ್ತಿಹಿಡಿಯಿತು. 2017ರಲ್ಲಿ ಪ್ರಕಾಶಕರು ಕೇಸು ವಾಪಸ್ ತೆಗೆದುಕೊಂಡರು.

ವಿದ್ಯಾರ್ಥಿಗಳಿಗೆ ಅದು ಒಳ್ಳೆಯ ಸುದ್ದಿ. ಆದರೆ ಅದು ಪಾಠಕ್ಕಾಗಿ ಇರುವ ವಿನಾಯಿತಿ. ಅದನ್ನೇ ಹಿಡಿದುಕೊಂಡು ಪುಸ್ತಕದ ಸ್ಕ್ಯಾನನ್ನು ಇಂಟರ್ನೆಟ್‌ನಲ್ಲಿ ಎಲ್ಲರಿಗೂ ಹಾಕುವಂತಿಲ್ಲ, ಅನುವಾದಿಸಿ ಪ್ರಕಟಿಸುವಂತಿಲ್ಲ. ಅದಕ್ಕೆ ಬರೆದವರ ಒಪ್ಪಿಗೆ ಬೇಕು. ಒಬ್ಬೊಬ್ಬರೂ ಒಬ್ಬೊಬ್ಬರಿಗೆ ಪತ್ರ ಬರೆದು ಕೇಳುತ್ತಾ ಕೂತರೆ ಸೆಮ್ ಮುಗಿಯುತ್ತದೆ. ಅದಕ್ಕೇ ಮೊದಲೇ ಬರೆದಿಟ್ಟ ಒಪ್ಪಿಗೆ ಬೇಕಾಯಿತು.

ಎರಡೆರಡು ಅಕ್ಷರದ ಲೈಸೆನ್ಸ್

ಆ ಒಪ್ಪಿಗೆಯ ಹೆಸರು ಕ್ರಿಯೇಟಿವ್ ಕಾಮನ್ಸ್, ಚಿಕ್ಕದಾಗಿ ಸಿಸಿ. 2002ರ ಡಿಸೆಂಬರ್‌ನಲ್ಲಿ ಅದರ ಮೊದಲ ಪರವಾನಗಿಗಳು ಬಂದವು. ಒಂದು ಸಾಲು ಬರೆದರೆ ಸಾಕು, ನಮ್ಮ ಕೃತಿಯನ್ನು ಯಾರು ಹೇಗೆ ಬಳಸಬಹುದು ಅಂತ ಇಡೀ ಜಗತ್ತಿಗೆ ಹೇಳಿದ ಹಾಗೆ. ನಾಲ್ಕು ಷರತ್ತುಗಳು ಗೊತ್ತಿದ್ದರೆ ಎಲ್ಲ ಸಿಸಿ ಲೈಸೆನ್ಸ್ ಓದಬಹುದು.

ಬಿವೈ ಅಂದರೆ ಹೆಸರು ಹೇಳಬೇಕು. ಯಾರು ಬರೆದದ್ದು ಅಂತ ಹೇಳಿ ಬಳಸಿಕೊಳ್ಳಿ.

ಎಸ್‌ಎ ಅಂದರೆ ಹಾಗೆಯೇ ಹಂಚಬೇಕು. ನನ್ನದನ್ನು ತಿದ್ದಿ ನೀವು ಹಂಚಿದರೆ ಅದೂ ಇದೇ ಲೈಸೆನ್ಸಿನಲ್ಲಿ ಓಪನ್ ಆಗಿರಲಿ. ಮನೆಯಿಂದ ಹೆಪ್ಪು ತಗೊಂಡು ಹೋದವರು, ನಾಳೆ ಕೇಳಿ ಬಂದವರಿಗೆ ತಾವೂ ಹೆಪ್ಪು ಕೊಡಬೇಕು ಅನ್ನುವ ಹಾಗೆ.

ಎನ್‌ಸಿ ಅಂದರೆ ವ್ಯಾಪಾರಕ್ಕೆ ಬಳಸಬೇಡಿ. ಎಂಐಟಿ ಓಪನ್‌ಕೋರ್ಸ್‌ವೇರ್ ಇರುವುದು ಬಿವೈ, ಎನ್‌ಸಿ, ಎಸ್‌ಎ ಮೂರೂ ಸೇರಿದ ಲೈಸೆನ್ಸಿನಲ್ಲಿ. ಎನ್‌ಸಿ ಸ್ವಲ್ಪ ತಲೆನೋವಿನ ಷರತ್ತು. ಪುಟಕ್ಕೆ ಇಷ್ಟು ಅಂತ ದುಡ್ಡು ತಗೊಂಡು ಪ್ರಿಂಟ್ ಹಾಕಿಕೊಟ್ಟರೆ ವ್ಯಾಪಾರವೇ? ಅಮೆರಿಕದಲ್ಲಿ ಶಾಲೆಗಳಿಗಾಗಿ ಇಂಥ ಪಠ್ಯವನ್ನು ಪ್ರಿಂಟ್ ಮಾಡಿಕೊಟ್ಟ ಫೆಡ್‌ಎಕ್ಸ್ ಮೇಲೆ ಪ್ರಕಾಶಕರು ಕೇಸು ಹಾಕಿದ್ದರು. 2018ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ, ಶಾಲೆಯ ಪರವಾಗಿ ಪ್ರಿಂಟ್ ಮಾಡಿದ್ದು ಲೈಸೆನ್ಸ್ ಮುರಿದಂತೆ ಅಲ್ಲ ಅಂದಿತು.

ಎನ್‌ಡಿ ಅಂದರೆ ತಿದ್ದಿದ್ದನ್ನು ಹಂಚಬೇಡಿ, ಇದ್ದ ಹಾಗೇ ಹಂಚಿ. ಕನ್ನಡದವರು ನೆನಪಿಡಬೇಕಾದ್ದು ಇದೇ. ಅನುವಾದವೂ ಕಾನೂನಿನ ಕಣ್ಣಲ್ಲಿ ಒಂದು ಮಾರ್ಪಾಡು. ಎನ್‌ಡಿ ಇರುವ ಪಾಠವನ್ನು ಎಷ್ಟು ಚೆನ್ನಾಗಿ ಕನ್ನಡಕ್ಕೆ ತಂದರೂ ಪ್ರಕಟಿಸುವಂತಿಲ್ಲ. ಫ್ರೀಯಾಗಿ ನೋಡಬಹುದು, ಕನ್ನಡದಲ್ಲಿ ಕೊಡಲು ಮಾತ್ರ ಆಗುವುದಿಲ್ಲ.

ಬೆರೆಸುವಾಗ ಇನ್ನೊಂದು ಎಚ್ಚರ. ವಿಕಿಪೀಡಿಯದ ಬರಹ ಇರುವುದು ಬಿವೈ-ಎಸ್‌ಎ ಲೈಸೆನ್ಸಿನಲ್ಲಿ. ಎಂಐಟಿಯದ್ದರಲ್ಲಿ ಎನ್‌ಸಿ ಇದೆ. ಎರಡೂ ತನ್ನದೇ ಲೈಸೆನ್ಸಿನಲ್ಲಿ ಹಂಚು ಅನ್ನುತ್ತವೆ. ಹಾಗಾಗಿ ಎರಡನ್ನೂ ತಿದ್ದಿ ಬೆರೆಸಿ ಒಂದೇ ಅಧ್ಯಾಯ ಮಾಡಿದರೆ, ಯಾವ ಲೈಸೆನ್ಸ್ ಹಾಕಿದರೂ ಇನ್ನೊಂದು ಮುರಿಯುತ್ತದೆ. ಎರಡೂ ಓಪನ್ನೇ, ಆದರೆ ಒಂದೇ ಪಾತ್ರೆಗೆ ಹಾಕಲಾಗದು.

ನಮ್ಮ ನೆಲದಲ್ಲಿ

ಭಾರತದಲ್ಲಿ 2003ರಲ್ಲಿ ಏಳು ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ಸೇರಿ ಕೇಂದ್ರ ಸರ್ಕಾರದ ಹಣದಲ್ಲಿ ಎನ್‌ಪಿಟಿಇಎಲ್ ಶುರು ಮಾಡಿದವು. ಅದರ ಪರಿಚಯ ಯಾರಿಗೂ ಬೇಕಿಲ್ಲ, ಪರೀಕ್ಷೆಯ ಹಿಂದಿನ ರಾತ್ರಿ ಒಂದೂವರೆ ಪಟ್ಟು ವೇಗದಲ್ಲಿ ಎಲ್ಲರೂ ಕೇಳಿದವರೇ. 2014ರಿಂದ ಅದರಲ್ಲಿ ಪರೀಕ್ಷೆ ಬರೆದು ಸರ್ಟಿಫಿಕೇಟ್ ಪಡೆಯುವ ಕೋರ್ಸ್‌ಗಳೂ ಬಂದವು.

ಅಷ್ಟಾಗಿ ಗೊತ್ತಿಲ್ಲದ ಎರಡು ಕೆಲಸಗಳು ಐಐಟಿ ಬಾಂಬೆಯಲ್ಲಿವೆ. ಮೊದಲನೆಯದು ಸ್ಪೋಕನ್ ಟ್ಯುಟೋರಿಯಲ್. ಸುಮಾರು ಹತ್ತು ಹತ್ತು ನಿಮಿಷದ ಪಾಠಗಳು. ಲಿನಕ್ಸ್, ಸಿ, ಪೈಥಾನ್, ಸೈಲ್ಯಾಬ್ ಹೀಗೆ. ಪರದೆ ಮೇಲಿನದ್ದು ಇಂಗ್ಲಿಷಿನಲ್ಲೇ ಇರುತ್ತದೆ, ವಿವರಣೆಯ ಧ್ವನಿ ಮಾತ್ರ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ. ಲೈಸೆನ್ಸ್ ಬಿವೈ-ಎಸ್‌ಎ. ಕಲಿಯುವುದು ನಮ್ಮ ಭಾಷೆಯಲ್ಲಿ, ಕೆಲಸಕ್ಕೆ ಬೇಕಾದ ಇಂಗ್ಲಿಷ್ ಪದಗಳು ಕಣ್ಣ ಮುಂದೆ. ನಮ್ಮ ಸೀನಿಯರ್ ಮಾಡುತ್ತಿದ್ದದ್ದೂ ಇದೇ ಅಲ್ವಾ?

ಎರಡನೆಯದು ಫಾಸ್ಸೀ ಯೋಜನೆಯ ಟೆಕ್ಸ್ಟ್‌ಬುಕ್ ಕಂಪ್ಯಾನಿಯನ್. ನಾವು ಓದುವ ಪಠ್ಯಪುಸ್ತಕಗಳಲ್ಲಿ ಬಿಡಿಸಿ ತೋರಿಸಿದ ಲೆಕ್ಕಗಳಿಗೆ ಸೈಲ್ಯಾಬ್ ಕೋಡ್ ಬರೆಯುವುದು. ಬರೆಯುವವರಲ್ಲಿ ದೇಶದ ಬೇರೆ ಬೇರೆ ಕಾಲೇಜುಗಳ ವಿದ್ಯಾರ್ಥಿಗಳೇ ಬಹಳ ಮಂದಿ. ಪುಸ್ತಕ ಪ್ರಕಾಶಕರದ್ದು, ಆದರೆ ನಾವು ಬರೆದ ಕೋಡ್ ನಮ್ಮದು, ಅದನ್ನು ಕೊಡಬಹುದು. ಓಪನ್ ಸಾಮಗ್ರಿ ಮಾಡಲು ಪ್ರೊಫೆಸರೇ ಆಗಬೇಕಿಲ್ಲ ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಕನ್ನಡದಲ್ಲೇ ಒಂದು ದೊಡ್ಡ ಉದಾಹರಣೆ ಇದೆ. ಮೈಸೂರು ವಿಶ್ವವಿದ್ಯಾಲಯದ ಕನ್ನಡ ವಿಶ್ವಕೋಶ 14 ಸಂಪುಟಗಳದ್ದು, ದಶಕಗಳ ಶ್ರಮ. 2014ರಲ್ಲಿ ವಿಶ್ವವಿದ್ಯಾಲಯ ಅದರ ಆರು ಸಂಪುಟಗಳನ್ನು ಬಿವೈ-ಎಸ್‌ಎ ಲೈಸೆನ್ಸಿನಲ್ಲಿ ಬಿಡುಗಡೆ ಮಾಡಿತು. ವಿಕಿಪೀಡಿಯದ್ದೂ ಅದೇ ಬಗೆಯ ಲೈಸೆನ್ಸ್. ಹಾಗಾಗಿ ಆ ಲೇಖನಗಳನ್ನು ಕನ್ನಡ ವಿಕಿಪೀಡಿಯಕ್ಕೆ ತಂದು, ಹಳೆಯ ಅಂಕಿಅಂಶ ತಿದ್ದಿ ಮುಂದುವರಿಸುವ ದಾರಿ ತೆರೆಯಿತು. ಲೈಬ್ರರಿಯ ಗಾಜಿನ ಬೀರುವಿನಲ್ಲಿ ಇದ್ದಾಗ ಓದಬಹುದಿತ್ತು ಅಷ್ಟೇ. ಲೈಸೆನ್ಸ್ ಬದಲಾದ ಮೇಲೆ ಬೆಳೆಸಬಹುದಾಯಿತು.

ಕಷ್ಟಗಳೂ ಇವೆ

ಇದೆಲ್ಲ ಪುಕ್ಕಟೆ ಆಗುವ ಕೆಲಸ ಅಲ್ಲ. ಎಂಐಟಿಗೆ ಶುರುವಿನಲ್ಲಿ ಹ್ಯೂಲೆಟ್ ಮತ್ತು ಮೆಲನ್ ಪ್ರತಿಷ್ಠಾನಗಳು ಹಣ ಕೊಟ್ಟವು. ಅಲ್ಲಿ ದೊಡ್ಡ ತಲೆನೋವಾಗಿದ್ದು ಬೇರೆಯವರ ಚಿತ್ರಗಳು. ಪ್ರೊಫೆಸರರ ಸ್ಲೈಡಿನಲ್ಲಿ ಯಾವುದೋ ಪುಸ್ತಕದ ಚಿತ್ರ ಇರುತ್ತದೆ. ಅದಕ್ಕೆ ಅನುಮತಿ ಕೇಳಬೇಕು, ಸಿಗದಿದ್ದರೆ ಹೊಸದಾಗಿ ಬರೆಸಬೇಕು, ಇಲ್ಲವೇ ತೆಗೆಯಬೇಕು. ಅದಕ್ಕೇ ಜನ ಇಡಬೇಕಾಯಿತು.

ಅಮೆರಿಕದ ರೈಸ್ ವಿಶ್ವವಿದ್ಯಾಲಯದಲ್ಲಿ 1999ರಲ್ಲಿ ಕನೆಕ್ಷನ್ಸ್ ಶುರು ಮಾಡಿದ ರಿಚರ್ಡ್ ಬರಾನಿಕ್ ಕೂಡ ನಮ್ಮವರೇ ಅನ್ನಬಹುದು, ಸಿಗ್ನಲ್ ಪ್ರೊಸೆಸಿಂಗ್ ಮೇಷ್ಟ್ರು. ಯಾರು ಬೇಕಾದರೂ ಪಾಠದ ತುಣುಕು ಬರೆದು ಹಾಕಬಹುದು, ಅವನ್ನು ಜೋಡಿಸಿ ಪುಸ್ತಕ ಮಾಡಬಹುದು ಅನ್ನುವುದು ಆ ಯೋಜನೆ. ಆದರೆ ತುಣುಕುಗಳು ಬಂದು ಬಿದ್ದ ಮಾತ್ರಕ್ಕೆ ಮೇಷ್ಟ್ರು ಅವನ್ನು ನಂಬಿ ಪಾಠ ಮಾಡುವುದಿಲ್ಲ. 2012ರಲ್ಲಿ ಅಲ್ಲಿಂದಲೇ ಬಂದ ಓಪನ್‌ಸ್ಟ್ಯಾಕ್ಸ್, ತಜ್ಞರಿಂದ ಬರೆಸಿ, ಪರಿಶೀಲಿಸಿ, ಇಡೀ ಪಠ್ಯಪುಸ್ತಕವನ್ನೇ ಕೊಡುವ ದಾರಿ ಹಿಡಿಯಿತು. ಓಪನ್ ಆಗಿದ್ದರೆ ಸಾಲದು, ಯಾರಾದರೂ ಕೂತು ಓದಿ ಸರಿ ಇದೆ ಅನ್ನಬೇಕು.

ನಾವು ಏನು ಮಾಡಿದೆವು

ಸಿಕ್ಕ ಆ ಅರ್ಧಂಬರ್ಧ ಜೆರಾಕ್ಸನ್ನು ಇಟ್ಟುಕೊಂಡು ಸೀನಿಯರ್‌ಗೆ ಮತ್ತೆ ಫೋನ್ ಮಾಡಿದೆವು. ಓಪನ್ ಲೈಸೆನ್ಸಿನಲ್ಲಿ ಹಾಕಬಹುದಾ ಅಂತ ಕೇಳಿದರೆ, "ಅದಕ್ಕೆಲ್ಲ ಕೇಳ್ತೀರಾ? ಹಾಕ್ರೋ" ಅಂದರು. ಹೀಗೆ ಬಾಯಲ್ಲಿ ಹೇಳಿದ್ದು ಸಾಲದು ಅಂತ ಒಂದು ಮೇಲ್ ಬರೆಸಿಕೊಂಡೆವು. ಲೈಸೆನ್ಸ್ ಒಮ್ಮೆ ಕೊಟ್ಟರೆ ಪ್ರತಿ ಪಡೆದವರಿಂದ ವಾಪಸ್ ಪಡೆಯಲು ಆಗುವುದಿಲ್ಲ ಅಂತಲೂ ಮೊದಲೇ ಹೇಳಿದೆವು.

ಆಮೇಲೆ ಕೂತು ಟೈಪ್ ಮಾಡಲು ಶುರು ಮಾಡಿದಾಗ ನಿಜ ಗೊತ್ತಾಯಿತು. ಚಿತ್ರಗಳಲ್ಲಿ ಬಹಳಷ್ಟು ಒಂದು ಪ್ರಸಿದ್ಧ ಪಠ್ಯಪುಸ್ತಕದಿಂದ ಸ್ಕ್ಯಾನ್ ಮಾಡಿದ್ದು. ಅದಕ್ಕೆ ಸೀನಿಯರ್ ಒಪ್ಪಿಗೆ ಕೊಟ್ಟು ಏನು ಪ್ರಯೋಜನ? ಅವು ಅವರದ್ದಲ್ಲ. ಸೂತ್ರ, ತತ್ವಗಳಿಗೆ ಕಾಪಿರೈಟ್ ಇಲ್ಲ, ಅವನ್ನು ಹೇಳಿದ ರೀತಿಗೆ, ಬಿಡಿಸಿದ ಚಿತ್ರಕ್ಕೆ ಇದೆ. ಹಾಗಾಗಿ ಗ್ರಾಫ್‌ಗಳನ್ನೆಲ್ಲ ಪೈಥಾನ್‌ನಲ್ಲಿ ನಾವೇ ಹೊಸದಾಗಿ ಮಾಡಿದೆವು. ಲೆಕ್ಕಗಳ ಸಂಖ್ಯೆಗಳನ್ನು ಬದಲಿಸಿ ಹೊಸ ಲೆಕ್ಕ ಬರೆದೆವು. ಬರೆಯುತ್ತಾ ಬರೆಯುತ್ತಾ ತಪ್ಪಿದ್ದ ಆ ಗ್ರಾಫೂ ಸರಿಯಾಯಿತು. ಇಲ್ಲದ ಆರು ಪುಟಗಳನ್ನು ನಾವೇ ಬರೆಯಬೇಕಾಯಿತು. ಆ ವಿಷಯ ನಮಗೆ ಚೆನ್ನಾಗಿ ತಲೆಗೆ ಹತ್ತಿದ್ದು ಆಗಲೇ.

ಮಾಡಬೇಕೆನ್ನುವವರಿಗೆ ನಮ್ಮ ಅನುಭವದ ನಾಲ್ಕು ಮಾತು.

ನಿಮ್ಮದನ್ನು ಮಾತ್ರ ಓಪನ್ ಮಾಡಿ. ಮೇಷ್ಟ್ರ ಸ್ಲೈಡ್ ಆದರೆ ಮೇಷ್ಟ್ರನ್ನು ಕೇಳಿ. ಕೆಲಸದ ಭಾಗವಾಗಿ ಮಾಡಿದ್ದಾದರೆ ಅದರ ಹಕ್ಕು ಕಾಲೇಜಿನದ್ದೂ ಆಗಿರಬಹುದು, ಅದನ್ನೂ ವಿಚಾರಿಸಿ.

ತಿದ್ದಲು ಆಗುವ ಫೈಲ್ ಕೊಡಿ. ಬರೀ ಪಿಡಿಎಫ್ ಕೊಟ್ಟರೆ ತಿದ್ದುವ ಅನುಮತಿ ಕಾಗದದ ಮೇಲೆ ಮಾತ್ರ ಇರುತ್ತದೆ. ಕನ್ನಡವನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಿ, ಇಲ್ಲದಿದ್ದರೆ ಹುಡುಕಿದರೂ ಸಿಗುವುದಿಲ್ಲ.

ಮೊದಲ ಪುಟದಲ್ಲಿ ನಾಲ್ಕು ವಿವರ ಇರಲಿ: ಶೀರ್ಷಿಕೆ, ಬರೆದವರು, ಮೂಲ ಎಲ್ಲಿದೆ, ಯಾವ ಲೈಸೆನ್ಸ್. ಜೊತೆಗೆ ಯಾವ ವರ್ಷದ ಸ್ಕೀಮ್, ಕೊನೆಯ ಸಲ ಯಾವಾಗ ತಿದ್ದಿದ್ದು ಅಂತ ಹಾಕಿ. ಹಳೇ ಸ್ಕೀಮಿನ ನೋಟ್ಸ್ ಓದಿ ಪರೀಕ್ಷೆಗೆ ಹೋದವರ ಗೋಳು ಎಲ್ಲರಿಗೂ ಗೊತ್ತು.

ಒಬ್ಬರ ಮೇಲ್ ಐಡಿಗೆ ಕಟ್ಟಿಹಾಕಬೇಡಿ. ನಿಮ್ಮ ಲೈಬ್ರರಿಯನ್ನು ಕೇಳಿ ನೋಡಿ. ಎಂಐಟಿ ಮತ್ತು ಎಚ್‌ಪಿ ಸೇರಿ 2002ರಲ್ಲಿ ಹೊರತಂದ ಡಿಸ್ಪೇಸ್ ಅನ್ನುವ ಮುಕ್ತ ತಂತ್ರಾಂಶವನ್ನು ನಮ್ಮ ದೇಶದ ಎಷ್ಟೋ ಲೈಬ್ರರಿಗಳು ಪ್ರಶ್ನೆಪತ್ರಿಕೆ, ಪ್ರಾಜೆಕ್ಟ್ ರಿಪೋರ್ಟ್ ಇಡಲು ಬಳಸುತ್ತವೆ. ವಿದ್ಯಾರ್ಥಿಗಳು ಹೋಗುತ್ತಾರೆ, ಲೈಬ್ರರಿ ಇರುತ್ತದೆ.

ಈಗ ಮೊದಲ ಎರಡು ಮಾಡ್ಯೂಲ್ ಸಿದ್ಧವಾಗಿವೆ. ವಿಷಯದ ಮೇಡಂ ಒಬ್ಬರು ಓದಿ ಹದಿನೇಳು ಕಡೆ ಕೆಂಪು ಗುರುತು ಹಾಕಿಕೊಟ್ಟರು, ಅವನ್ನೂ ಸರಿ ಮಾಡಿದ್ದೇವೆ. ಮೊದಲ ಪುಟದ ಕೊನೆಯಲ್ಲಿ ಸೀನಿಯರ್ ಹೆಸರು, ನಮ್ಮ ಹೆಸರುಗಳು, ಆಮೇಲೆ ಈ ಸಾಲು: ಇದು ಸಿಸಿ ಬಿವೈ-ಎಸ್‌ಎ 4.0 ಪರವಾನಗಿಯಲ್ಲಿದೆ, ಇಟ್ಟುಕೊಳ್ಳಿ, ತಿದ್ದಿ, ಹಂಚಿ.

ಮುಂದಿನ ವರ್ಷ ನಮ್ಮ ಮೇಲ್ ಐಡಿಗಳೂ ಮುಚ್ಚುತ್ತವೆ. ಇನ್ನೂ ಮೂರು ಮಾಡ್ಯೂಲ್ ಬಾಕಿ ಇದೆ. ನಾಲ್ಕನೇ ಸೆಮ್‌ನವರು ಯಾರಾದರೂ ಕೈಜೋಡಿಸುವುದಾದರೆ ಶನಿವಾರ ಮಧ್ಯಾಹ್ನ ಕ್ಲಬ್ ರೂಮಿಗೆ ಬನ್ನಿ. ಲ್ಯಾಪ್‌ಟಾಪ್ ತನ್ನಿ.